ಅಮ್ಮ ಹೂಂಗುಟ್ಟಿದ ಉಂಗುರದ ಕಥೆ

ಪುಣೆಯಲ್ಲಿ ಬೇತಾಳನ ಹೆಸರಿಗೆ ಒಂದು ಗುಡ್ಡವೇ ಇದೆ. ಇಲ್ಲಿಯವರ ಬಾಯಲ್ಲಿ ಅದು ‘ವೇತಾಳ ಟೇಕಡಿ’. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಅದರ ನೆತ್ತಿಯ ಮೇಲೆ ವೇತಾಳಬಾಬಾನ ಪುಟ್ಟ ಗುಡಿ. ಬೆಳಗಿನ ವಾಕಿಂಗಿಗೆ ಬಂದವರು ಚಪ್ಪಲಿ ಕಳಚಿ ಕೈಮುಗಿದು ಮುಂದೆ ಹೋಗುತ್ತಾರೆ. 1994ರಲ್ಲಿ ಕೆಲಸಕ್ಕೆಂದು ಈ ಊರಿಗೆ ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬಳು ಅತ್ತ ಕೈತೋರಿಸಿ ಹೆಸರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅರಸೀಕೆರೆಯ ಮನೆಯ ಕಪಾಟಿನಲ್ಲಿ ಅವನನ್ನು ಬಿಟ್ಟು ಬಂದಿದ್ದೆ. ನೋಡಿದರೆ ನನಗಿಂತ ಮೊದಲೇ ಬಂದು ಗುಡ್ಡ ಹಿಡಿದು ಕೂತಿದ್ದಾನೆ!

ಕೊಂಕಣ, ಗೋವಾಗಳಲ್ಲಿ ಬೇತಾಳ ಊರು ಕಾಯುವ ದೇವರು ಎಂಬುದು ಆಮೇಲೆ ತಿಳಿಯಿತು. ಅವನ ಕಥೆಗಳ ಮೂಲವಂತೂ ಇಲ್ಲಿಂದ ಒಂದು ಹಗಲಿನ ದಾರಿ. ಗೋದಾವರಿ ದಂಡೆಯ ಪೈಠಣವೇ ಹಿಂದಿನ ಪ್ರತಿಷ್ಠಾನ. ಅಲ್ಲಿಯ ಸಾತವಾಹನ ರಾಜನ ಆಸ್ಥಾನದಲ್ಲಿದ್ದ ಗುಣಾಢ್ಯ ಪೈಶಾಚಿ ಭಾಷೆಯಲ್ಲಿ ಬೃಹತ್ಕಥೆಯನ್ನು ಬರೆದನಂತೆ. ಪಿಶಾಚಿಗಳ ಭಾಷೆಯ ಕಥೆ ಯಾರಿಗೆ ಬೇಕು ಎಂದು ರಾಜ ಮೂಗು ಮುರಿದನಂತೆ. ಗುಣಾಢ್ಯ ಕಾಡಿಗೆ ಹೋಗಿ, ಒಂದೊಂದೇ ಹಾಳೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕುತ್ತ ಹೋದನಂತೆ. ಪ್ರಾಣಿಗಳು ಮೇವು ಬಿಟ್ಟು ಕಣ್ಣೀರು ಸುರಿಸುತ್ತ ಕೇಳಿದವಂತೆ. ರಾಜನಿಗೆ ಬುದ್ಧಿ ಬರುವ ಹೊತ್ತಿಗೆ ಏಳು ಲಕ್ಷ ಶ್ಲೋಕಗಳಲ್ಲಿ ಉಳಿದದ್ದು ಒಂದೇ ಲಕ್ಷ. ಗಂಗರ ದೊರೆ ದುರ್ವಿನೀತ ಆ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಪಟ ಹೇಳುತ್ತದೆ. ಎರಡೂ ಕೃತಿಗಳು ಇವತ್ತು ಇಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಅದೇ ಕಥಾಪರಂಪರೆಯಿಂದ ಕಥಾಸರಿತ್ಸಾಗರವನ್ನು ಕಟ್ಟಿದ. ಬೇತಾಳನ ಇಪ್ಪತ್ತೈದು ಕಥೆಗಳು ಅದರೊಳಗಿವೆ. ಇವೆಲ್ಲ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ನನ್ನ ಪಾಲಿನ ಬೇತಾಳ ಮಾತ್ರ ಬಂದದ್ದು ಮದ್ರಾಸಿನ ವಡಪಳನಿಯಿಂದ, ರೈಲಿನಲ್ಲಿ.

ಅಪ್ಪ ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್. ಪ್ರತಿ ತಿಂಗಳೂ ‘ಚಂದಮಾಮ’ ಅವರ ಟಿಫಿನ್ ಚೀಲದಲ್ಲಿ ಮನೆಗೆ ಬರುತ್ತಿತ್ತು. ತಂದುಕೊಡುವುದು ಅಪ್ಪನಾದರೂ ಓದಿ ಹೇಳುವ ಹಕ್ಕು ಅಮ್ಮನದು. ರಾತ್ರಿ ಊಟವಾಗಿ, ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಅಮ್ಮ ಗೋಡೆಗೆ ಒರಗಿ ಕೂತರೆ ನಾನೂ ತಮ್ಮನೂ ಆಚೀಚೆ. ಹೆಣವನ್ನು ಹೆಗಲಿಗೇರಿಸಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಚಿತ್ರವನ್ನು ಮೊದಲು ನೋಡಬೇಕು, ಆಮೇಲೆ ಕಥೆ. ನಾವು ಹೂಂಗುಟ್ಟಬೇಕು. ಹೂಂ ನಿಂತಿತೋ, ನಿದ್ದೆ ಬಂತೆಂದು ಪುಸ್ತಕ ಮುಚ್ಚಿಬಿಡುತ್ತಿದ್ದರು. ಬೇತಾಳ ಪ್ರಶ್ನೆ ಕೇಳಿದ ಜಾಗಕ್ಕೆ ಬಂದಾಗಲೂ ಪುಸ್ತಕ ಮುಚ್ಚುವುದು ಅಮ್ಮನ ಪದ್ಧತಿ. “ನೀವೇ ಹೇಳ್ರಿ, ತಪ್ಪು ಯಾರ್ದು? ವಿಕ್ರಮ ಏನಂದ ಅನ್ನೋದು ನಾಳೆಗೆ.” ರುಂಡ ಬದಲಾದ ಗಂಡಂದಿರಲ್ಲಿ ಹೆಂಡತಿ ಯಾರ ಪಾಲು ಎಂಬ ಪ್ರಶ್ನೆಗೆ ನಾನೂ ತಮ್ಮನೂ ಕಂಬಳಿಯೊಳಗೆ ಜಗಳವಾಡಿದ್ದು ಇವತ್ತಿಗೂ ನೆನಪಿದೆ. ಅದೇ ಕಥೆಯನ್ನು ಜರ್ಮನಿಯ ಥಾಮಸ್ ಮನ್ 1940ರಲ್ಲಿ ಕಿರುಕಾದಂಬರಿ ಮಾಡಿದ, ಅಲ್ಲಿಂದ ಅದು ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಬಂತು. ನಾಟಕವನ್ನು ಮೊದಲ ಸಲ ನೋಡುವಾಗ ಪಕ್ಕದಲ್ಲಿ ತಮ್ಮ ಇರಬೇಕಿತ್ತು ಅನ್ನಿಸಿತ್ತು. ಜಗಳ ಇನ್ನೂ ಬಾಕಿ ಇತ್ತಲ್ಲ!

ಬೇತಾಳನಿಗಿಂತಲೂ ನನಗೆ ಪ್ರಾಣವಾಗಿದ್ದದ್ದು ಧಾರಾವಾಹಿಗಳು. ಯಕ್ಷರು, ಮಂತ್ರವಾದಿಗಳು, ಮನುಷ್ಯರನ್ನು ಹೊತ್ತು ಹಾರುವ ಹಕ್ಕಿಗಳು, ಪಾಳುಗುಡಿಗಳು, ಮುಗಿಯದ ಕಾಡು. ಪ್ರತಿ ಕಂತೂ ಯಾರಾದರೂ ಬಂಡೆಯ ಅಂಚಿನಲ್ಲಿ ನೇತಾಡುವಾಗಲೇ ನಿಲ್ಲುತ್ತಿತ್ತು. ‘ಯಕ್ಷಪರ್ವತಮು’, ‘ಮಾಯಾಸರೋವರಮು’ ಎಂದು ಅವನ್ನೆಲ್ಲ ತೆಲುಗಿನಲ್ಲಿ ಬರೆಯುತ್ತಿದ್ದವರು ದಾಸರಿ ಸುಬ್ರಹ್ಮಣ್ಯಂ. ಅರ್ಧ ಶತಮಾನ ಚಂದಮಾಮದ ಸಂಪಾದಕ ಬಳಗದಲ್ಲಿದ್ದರೂ ಧಾರಾವಾಹಿಯ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಚಿತ್ರ ಬರೆದ ಶಂಕರ್ ತಮ್ಮ ಹೆಸರನ್ನು ಮೂಲೆಯಲ್ಲಿ ಹಾಕುತ್ತಿದ್ದರು, ಹಾಗಾಗಿ ಅವರು ನಮಗೆ ಗೊತ್ತು. 2020ರಲ್ಲಿ ಶಂಕರ್ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ತಮ್ಮ ಹಾಕಿದ್ದು ಒಂದೇ ಒಂದು ಚಿತ್ರ, ಅದೇ ಹೆಣ ಹೊತ್ತ ರಾಜ. ಯಾರೂ ಏನೂ ಬರೆಯಲಿಲ್ಲ.

ಇನ್ನೊಂದು ಮೂಲ ಟೂರಿಂಗ್ ಟಾಕೀಸು. ತೆಲುಗರು ‘ಜಾನಪದ ಬ್ರಹ್ಮ’ ಎಂದು ಕರೆಯುವ ಬಿ. ವಿಠ್ಠಲಾಚಾರ್ಯ ಉಡುಪಿ ಕಡೆಯ ಉದ್ಯಾವರದವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ನಮ್ಮ ಅರಸೀಕೆರೆಗೆ ಬಂದು, ಹೋಟೆಲು ನಡೆಸಿ, ಆಮೇಲೆ ಡಿ. ಶಂಕರ್‌ಸಿಂಗ್ ಜೊತೆ ಸೇರಿ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ಕಟ್ಟಿದರು. ಇಬ್ಬರೂ ಕೂಡಿ ಮೈಸೂರಿನಲ್ಲಿ ಶುರುಮಾಡಿದ ಮಹಾತ್ಮ ಪಿಕ್ಚರ್ಸ್ 1951ರಲ್ಲಿ ಕನ್ನಡದ ‘ಜಗನ್ಮೋಹಿನಿ’ಯನ್ನು ತೆಗೆಯಿತು. ವಿಠ್ಠಲಾಚಾರ್ಯರು ಮುಂದೆ ಮದ್ರಾಸು ಸೇರಿದರು. 1963ರಲ್ಲಿ ರಾಜಕುಮಾರರನ್ನು ಹಾಕಿಕೊಂಡು ‘ವೀರಕೇಸರಿ’ ಮಾಡಿದರು, ತೆಲುಗಿನಲ್ಲಿ ಎನ್‌ಟಿಆರ್ ಅವರಿಗೆ ಸಾಲುಸಾಲು ಮಾಯಾಮಂತ್ರದ ಚಿತ್ರಗಳನ್ನು ಕೊಟ್ಟರು, 1978ರಲ್ಲಿ ತೆಲುಗಿನ ‘ಜಗನ್ಮೋಹಿನಿ’ಯನ್ನು ನಿರ್ದೇಶಿಸಿದರು. ಅಸ್ಥಿಪಂಜರ ಕುಣಿಯುವುದು, ದೆವ್ವ ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವುದು ಅವರ ಕಾಲದಲ್ಲಿ ಬೆಳೆದವರಿಗೆಲ್ಲ ಗೊತ್ತು. ಈಗಿನ ಕಂಪ್ಯೂಟರ್ ಚಮತ್ಕಾರಗಳನ್ನು ನೋಡಿದವರಿಗೆ ಅದು ನಗೆಪಾಟಲು. ನನ್ನ ಮಟ್ಟಿಗೆ ಅದು ಹಟ: ಕೈಯಲ್ಲಿ ದುಡ್ಡಿಲ್ಲ, ಯಂತ್ರವಿಲ್ಲ, ಆದರೂ ಕಾಲು ಒಲೆಯಲ್ಲಿ ಉರಿಯಲೇಬೇಕು.

ಅಪ್ಪನಿಗೆ ಇದೆಲ್ಲ ಅಷ್ಟಕ್ಕಷ್ಟೆ. “ಕಥೆ ಓದಿದ್ರೆ ಹೊಟ್ಟೆ ತುಂಬತ್ತಾ?” ಎನ್ನುತ್ತಲೇ ಮುಂದಿನ ತಿಂಗಳ ಸಂಚಿಕೆಯನ್ನೂ ತಪ್ಪದೆ ತರುತ್ತಿದ್ದರು. ಎಸ್ಸೆಸ್ಸೆಲ್ಸಿ ಬಂದಾಗ ಅಮ್ಮನೇ ಚಂದಮಾಮಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. ಎಂಜಿನಿಯರಿಂಗ್ ಓದಿದೆ. ತೊಲೆ, ಕಂಬ, ಅಡಿಪಾಯಗಳ ಮೇಲೆ ಎಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕುವುದು ಕಳೆದ ಮೂವತ್ತು ವರ್ಷಗಳಿಂದ ನನ್ನ ಉದ್ಯೋಗ. ಗಾಳಿಯಲ್ಲಿ ನಿಲ್ಲುವ ಕೋಟೆಗಳ ಹುಚ್ಚಿರುವವಳಿಗೆ ಇದೆಂಥ ಕೆಲಸ ಎಂದು ಗೆಳತಿಯರು ಛೇಡಿಸುತ್ತಾರೆ.

ಪುಣೆಯಲ್ಲಿ ಮೊದಲ ಗೆಳೆತನ ಹುಟ್ಟಿದ್ದೂ ಈ ಹುಚ್ಚಿನಿಂದಲೇ. ಆ ವರ್ಷ ದೂರದರ್ಶನದಲ್ಲಿ ಭಾನುವಾರ ‘ಚಂದ್ರಕಾಂತಾ’ ಬರುತ್ತಿತ್ತು. ದೇವಕೀನಂದನ ಖತ್ರಿಯವರ 1888ರ ಹಿಂದಿ ಕಾದಂಬರಿ. ವೇಷ ಮರೆಸುವ ಐಯ್ಯಾರರು, ಮಾಯೆಯ ಬೀಗ ಹಾಕಿದ ತಿಲಿಸ್ಮುಗಳು. ಸೋಮವಾರ ಊಟದ ಮೇಜಿನಲ್ಲಿ ಅದರದೇ ಚರ್ಚೆ. “ಇದೆಲ್ಲ ನಾನು ಚಿಕ್ಕಂದಿನಲ್ಲೇ ಚಾಂದೋಬಾದಲ್ಲಿ ಓದಿದ್ದೆ” ಎಂದಳು ಕೊಲ್ಹಾಪುರದವಳೊಬ್ಬಳು. ಚಾಂದೋಬಾ ಅಂದರೆ ಮರಾಠಿಯ ಚಂದಮಾಮ. ವಿಜಯವಾಡದವನು ಮೂಲವೇ ನಮ್ಮದೆಂದ. ತಮಿಳಿನವನಿಗೆ ಅದು ‘ಅಂಬುಲಿಮಾಮ’, ಮಲಯಾಳಿಗೆ ‘ಅಂಬಿಳಿ ಅಮ್ಮಾವನ್’. ನಮ್ಮ ಐದು ಜನರ ಬಾಲ್ಯದ ಭಾಷೆಗಳು ಬೇರೆ ಬೇರೆ, ಆದರೆ ಎಲ್ಲ ಸಂಚಿಕೆಗಳಿಗೂ ಚಿತ್ರ ಒಂದೇ ಆಗಿದ್ದರಿಂದ ಕಣ್ಣೊಳಗಿದ್ದ ರಾಕ್ಷಸ ಒಬ್ಬನೇ. ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಅವನ ಮೀಸೆ ಎಳೆದು ತೋರಿಸಿದರೆ ಎಲ್ಲರೂ ಗುರುತು ಹಿಡಿದರು. ಭಾಷೆ ಬಾರದ ಊರಿನಲ್ಲಿ ಅಂದು ನನಗೆ ಎಷ್ಟು ಧೈರ್ಯ ಬಂತೆಂದು ಹೊರನಾಡಿನಲ್ಲಿ ಮೊದಲ ವರ್ಷ ಕಳೆದವರಿಗೆ ವಿವರಿಸಬೇಕಿಲ್ಲ.

ಆ ಗೆಳತಿಯೇ ನನ್ನನ್ನು ಫರ್ಗ್ಯುಸನ್ ಕಾಲೇಜು ರಸ್ತೆಯ ಬ್ರಿಟಿಷ್ ಲೈಬ್ರರಿಗೆ ಕರೆದೊಯ್ದಳು. ಅಲ್ಲಿ ಸಿಕ್ಕಿದ್ದು ಜೆ.ಆರ್.ಆರ್. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’. ಓದುತ್ತ ಹೋದಂತೆ ವಿಚಿತ್ರವಾದ ಸಲಿಗೆ ಅನ್ನಿಸತೊಡಗಿತು. ನಿಧಿಯ ಮೇಲೆ ಮಲಗಿದ ಡ್ರ್ಯಾಗನ್ ನನಗೆ ಘಟಸರ್ಪವಾಗಿ ಕಂಡಿತು. ಗುಹೆಯೊಳಗಿನ ಒಗಟಿನ ಪಂದ್ಯ ಬೇತಾಳನ ಪ್ರಶ್ನೆಯ ದೂರದ ನೆಂಟನಂತಿತ್ತು. ಅಲ್ಲಿಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಹೋದೆ. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಕಾದಂಬರಿಯನ್ನು ಮಳೆಗಾಲವಿಡೀ ಓದಿದೆ. ಬರೆದವನು ಇಪ್ಪತ್ತನಾಲ್ಕರ ಪ್ರಾಯದಲ್ಲಿ, 1916ರ ಸೋಮ್ ಯುದ್ಧದ ಕಂದಕಗಳಲ್ಲಿ ಇದ್ದು ಬಂದವನು, ಆಪ್ತ ಗೆಳೆಯರನ್ನು ಆ ಯುದ್ಧದಲ್ಲಿ ಕಳೆದುಕೊಂಡವನು. ಇಂಥ ಕಥೆಗಳು ಪಲಾಯನವಲ್ಲವೇ ಎಂಬುದಕ್ಕೆ 1939ರ ಉಪನ್ಯಾಸವೊಂದರಲ್ಲಿ ಆತ ಉತ್ತರ ಕೊಟ್ಟಿದ್ದಾನೆ: ಸೆರೆಯಲ್ಲಿದ್ದವನು ಹೊರಗಿನ ಲೋಕವನ್ನು ನೆನೆಯುವುದಕ್ಕೂ ಸೈನಿಕ ರಣರಂಗ ಬಿಟ್ಟು ಓಡುವುದಕ್ಕೂ ವ್ಯತ್ಯಾಸವಿದೆ ಎಂಬ ಅರ್ಥದಲ್ಲಿ. ಇದನ್ನು ಅಪ್ಪನಿಗೆ ಹೇಳಿದ್ದೆ. “ಸರಿ, ಸರಿ, ಪಿಎಫ್ ನಾಮಿನೇಷನ್ ಫಾರಂ ತುಂಬಿದ್ಯಾ?” ಎಂದು ಕೇಳಿದ್ದರು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಅಪ್ಪಾ ಬಳವಂತ ಚೌಕದ ಹಳೇ ಪುಸ್ತಕದಂಗಡಿಗಳು, ಸಂಬಳ ಬಂದ ವಾರ ಒಂದು ಪುಸ್ತಕ, ಮದುವೆ, ಮಗಳು. ಮಗಳು ತನ್ನ ಹ್ಯಾರಿ ಪಾಟರನ್ನು ತಾನೇ ಹುಡುಕಿಕೊಂಡಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ತಡವರಿಸುತ್ತದೆ. ಅವಳ ಡ್ರ್ಯಾಗನ್ನುಗಳೆಲ್ಲ ಇಂಗ್ಲಿಷ್ ಮಾತಾಡುತ್ತವೆ. ನನಗೆ ಅದು ಕೊರಗೇನಲ್ಲ; ಓದುವ ಚಟ ಹತ್ತಿದೆಯಲ್ಲ, ಸಾಕು. ಆಫೀಸಿನಲ್ಲಿ ಮಾತ್ರ ನಾನು ಏನು ಓದುತ್ತೇನೆಂದು ಯಾರೂ ಕೇಳುವುದಿಲ್ಲ. ಐವತ್ತರ ಹೆಂಗಸು ರೈಲಿನಲ್ಲಿ ಮಾಯಾವಿಗಳ ಪುಸ್ತಕ ಹಿಡಿದು ಕೂತರೆ ಮಕ್ಕಳಿಗೆ ಕೊಂಡದ್ದಿರಬೇಕು ಅಂದುಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಅಪ್ಪ ಹೋದರು. ಅಮ್ಮನನ್ನು ಪುಣೆಗೆ ಕರೆತಂದೆವು. ಎಪ್ಪತ್ತೊಂಬತ್ತು ವರ್ಷ. ಏಳನೇ ಮಹಡಿ. ಮರಾಠಿ ಬಾರದು. ಅದಕ್ಕಿಂತ ಕಷ್ಟವಾದದ್ದು ಕಣ್ಣು. ದೃಷ್ಟಿಯ ನಡುಭಾಗ ಮಸುಕಾಗುತ್ತ ಹೋಗುವ ಕಾಯಿಲೆ. ಅಂಚಿನಲ್ಲಿರುವ ಬಾಗಿಲು, ಕಿಟಕಿ ಕಾಣುತ್ತವೆ, ಎದುರು ಕೂತವರ ಮುಖ ಕಾಣುವುದಿಲ್ಲ. ಅಕ್ಷರವಂತೂ ಇಲ್ಲವೇ ಇಲ್ಲ. ಬದುಕಿನುದ್ದಕ್ಕೂ ಓದಿಕೊಂಡು ಬಂದ ಹೆಂಗಸು ದಿನವಿಡೀ ಬಾಲ್ಕನಿಯಲ್ಲಿ ಕೂತು ಕೆಳಗಿನ ಹಾರ್ನ್ ಸದ್ದು ಕೇಳುತ್ತಿದ್ದರು. ಟಿವಿ ಬೇಡ, ಮೊಬೈಲಿನ ಆಡಿಯೋ ಪುಸ್ತಕ ಬೇಡ. “ಅದು ಓದ್ಕೊಂಡು ಹೋಗತ್ತೆ ಕಣೆ, ನಾನು ಹೂಂ ಅಂದ್ನೋ ಇಲ್ವೋ ಅಂತ ಅದಕ್ಕೇನು?” ಎಂದರು ಒಮ್ಮೆ.

ಮಾರನೆಯ ರಾತ್ರಿಯೇ ನಾನು ‘ಹಾಬಿಟ್’ ಶುರುಮಾಡಿದೆ. ಪುಸ್ತಕ ತೊಡೆಯ ಮೇಲೆ ಇಂಗ್ಲಿಷಿನಲ್ಲಿ, ಬಾಯಲ್ಲಿ ಕನ್ನಡ.

ಮೊದಲ ವಾಕ್ಯಕ್ಕೇ ಕಾಲು ತೊಡರಿತು. ಹಾಬಿಟ್ ಎಂದರೇನು? ಎಲ್ಫ್ ಯಾರು, ಡ್ವಾರ್ಫ್ ಯಾರು? ಅನುವಾದಕರಿಗೆಂದೇ ಟೋಲ್ಕಿನ್ ಹೆಸರುಗಳ ಟಿಪ್ಪಣಿಯೊಂದನ್ನು ಬರೆದಿದ್ದಾನೆ. ಡಚ್, ಸ್ವೀಡಿಷ್ ಅನುವಾದಗಳು ಅವನಿಗೆ ಸಮಾಧಾನ ತಂದಿರಲಿಲ್ಲ. ಅವನ ಸಾವಿನ ನಂತರ, 1975ರಲ್ಲಿ ಅದು ಅಚ್ಚಾಯಿತು. ಸಾಮಾನ್ಯ ಭಾಷೆಯಿಂದ ಹುಟ್ಟಿದ ಹೆಸರುಗಳನ್ನು ಅರ್ಥ ನೋಡಿ ನಿಮ್ಮ ನುಡಿಗೆ ತನ್ನಿ ಎಂಬುದು ಅದರ ತಿರುಳು. ಇದು ನನಗೆ ಪರವಾನಗಿ ಸಿಕ್ಕ ಹಾಗಾಯಿತು. ಬ್ಯಾಗಿನ್ಸ್ ಹೆಸರಿನೊಳಗೆ ಚೀಲ ಇದೆಯಲ್ಲ, ಬಿಲ್ಬೋ ಬ್ಯಾಗಿನ್ಸ್ ‘ಹಸುಬೆ ಮನೆತನದ ಬಿಲ್ಲಪ್ಪ’ನಾದ. ಹಾಬಿಟ್ಟರು ‘ಬಿಲದ ಮನೆಯವರು’. ಅವರ ನಾಡಾದ ಷೈರ್‌ಗೆ ‘ಸೀಮೆ’ ಎಂಬ ಮಾತು ತಾನಾಗಿ ಬಂದು ಕೂತಿತು. ಹಾಡುವ ಎಲ್ಫರು ಗಂಧರ್ವರಾದರು. ಗಣಿ ತೋಡಿ ಚಿನ್ನ ಕೂಡಿಡುವ ಡ್ವಾರ್ಫರನ್ನು ಕುಳ್ಳರು ಅನ್ನಲೇ, ಕುಬೇರನ ಕಡೆಯ ಯಕ್ಷರು ಅನ್ನಲೇ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಅಮ್ಮನೇ ತೀರ್ಪು ಕೊಟ್ಟರು: “ಗಡ್ಡ ಐತೆ, ಸಿಟ್ಟು ಐತೆ, ದುಡ್ಡಿನ ಆಸೆ ಐತೆ. ಯಕ್ಷರೇ.” ಅಮ್ಮನ ತವರು ರಾಣೆಬೆನ್ನೂರು ಕಡೆ. ಕಥೆಯಲ್ಲಿ ಮುಳುಗಿದಾಗ ಅರಸೀಕೆರೆಯ ಐವತ್ತು ವರ್ಷ ಕಳಚಿ ಆ ಕಡೆಯ ಮಾತು ಮೇಲೆ ಬರುತ್ತದೆ.

ಗ್ಯಾಂಡಾಲ್ಫ್ ಬಾಯಿಗೆ ಬಗ್ಗದೆ ‘ಗಂಡಾಳಪ್ಪ’ ಆದ. ಉದ್ದ ಕೋಲು, ಬಿಳಿ ಗಡ್ಡ, ಹೇಳದೆ ಬಂದು ಹೇಳದೆ ಹೋಗುವವನು, ಜಂಗಮಯ್ಯನೇ ಸರಿ. ಗುಹೆಯ ಒಗಟಿನ ಭಾಗ ಬಂದಾಗ ಇಂಗ್ಲಿಷಿನ ಒಗಟುಗಳನ್ನು ಬದಿಗಿಟ್ಟೆ. ಅಮ್ಮ ಬಿಲ್ಲಪ್ಪನ ಪರ, ನಾನು ಗೊಲ್ಲಮನ ಪರ. ತೆಂಗಿನಕಾಯಿ, ಈರುಳ್ಳಿ, ಬೀಸುವಕಲ್ಲು, ನೆರಳು ಎಂದು ಅಮ್ಮನ ಬತ್ತಳಿಕೆಯಿಂದ ಬಂದ ಒಗಟುಗಳಿಗೆ ನಾನು ಸೋತು ಸುಣ್ಣವಾದೆ. ರಾತ್ರಿ ಹನ್ನೊಂದೂವರೆಗೆ ಮಗಳು ಕೋಣೆಯಿಂದ ಎದ್ದು ಬಂದು, “ಅಜ್ಜಿ, ಇದು ಬುಕ್‌ನಲ್ಲಿ ಇಲ್ವೇ ಇಲ್ಲ” ಎಂದಳು. ಮತ್ತೆ ಹೋಗಲಿಲ್ಲ, ಅಲ್ಲೇ ಕೂತಳು.

ನಾನು ಮೂವತ್ತು ವರ್ಷ ಓದಿದ್ದ ಪುಸ್ತಕವನ್ನು ಅಮ್ಮ ಕೇಳಿದ ರೀತಿಯೇ ಬೇರೆ. ಘಟಸರ್ಪದ ಎದೆಯಲ್ಲಿ ಒಂದೇ ಒಂದು ಕಡೆ ಕವಚವಿಲ್ಲ ಎಂದಾಗ, “ದುರ್ಯೋಧನನ ತೊಡೆ” ಎಂದರು ಥಟ್ಟನೆ. ಉಂಗುರದ ಕಥೆಗೆ ಬಂದಾಗ ಸೌರಾನನ ಬೆಂಕಿಕಣ್ಣನ್ನು ವರ್ಣಿಸಲು ನಾನು ಒದ್ದಾಡುತ್ತಿದ್ದೆ. “ದೃಷ್ಟಿ ಅನ್ನು, ಗೊತ್ತಾಗತ್ತೆ” ಎಂದರು. ನಿಜ, ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ನಡೆದಾಡುವ ಮರಗಳಿಗೆ ನನ್ನಲ್ಲಿ ಹೆಸರಿರಲಿಲ್ಲ, ಅಮ್ಮ ‘ಮರಯ್ಯಗಳು’ ಎಂದು ನಾಮಕರಣ ಮಾಡಿದರು. ಫ್ರೋಡೋ ಕೊನೆಯವರೆಗೂ ‘ಆ ಹುಡುಗ’ ಆಗಿಯೇ ಉಳಿದ. ಉಂಗುರ ಹೊತ್ತು ಊರು ಬಿಡುವಾಗ ಅವನಿಗೆ ಐವತ್ತು ತುಂಬಿರುತ್ತದೆ ಎಂದೆ. “ಇರ್ಲಿ, ನೀನೇನು ಮುದುಕೀನಾ?” ಎಂದರು. ಅವರಿಗೆ ಅಚ್ಚುಮೆಚ್ಚಿನವನು ಸ್ಯಾಮ್. ಶಾಮಣ್ಣ. ಯಾವ ನರಕದ ಬಾಗಿಲಿಗೆ ಹೋದರೂ ಅಡುಗೆಯ ಪಾತ್ರೆ ಬಿಡದೆ ಹೊತ್ತು ಸಾಗುವವನು. “ಉಪ್ಪು ಇಟ್ಕೊಂಡಿದಾನಾ?” ಎಂದು ಅಮ್ಮ ಕೇಳಿದರು. ಪುಸ್ತಕದಲ್ಲಿ ನಿಜಕ್ಕೂ ಅವನು ಪುಟ್ಟ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡಿರುತ್ತಾನೆ. ಇಷ್ಟು ವರ್ಷ ಓದಿಯೂ ಆ ಉಪ್ಪಿನ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ಹೀಗೆ ಏಳು ತಿಂಗಳು ನಡೆಯಿತು. ಬೆಟ್ಟದ ಬೆಂಕಿಯಲ್ಲಿ ಉಂಗುರ ಬಿದ್ದ ರಾತ್ರಿ ಅಮ್ಮ, “ಪಾಪ, ಆ ಗೊಲ್ಲಮ” ಎಂದು ನಿಟ್ಟುಸಿರುಬಿಟ್ಟು ಮಲಗಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಪೀಟರ್ ಜಾಕ್ಸನ್‌ನ 2003ರ ಸಿನಿಮಾ ನೋಡಿದವರಿಗೆ ಈ ಭಾಗ ಗೊತ್ತಿರಲಿಕ್ಕಿಲ್ಲ, ಅಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಪುಸ್ತಕದಲ್ಲಿ ಗೆದ್ದು ಮನೆಗೆ ಮರಳುವ ನಾಲ್ವರಿಗೆ ತಮ್ಮ ಸೀಮೆ ಗುರುತು ಸಿಗುವುದಿಲ್ಲ. ಸಾಲುಮರಗಳನ್ನು ಕಡಿದು ಬಿಸಾಡಲಾಗಿದೆ. ಹಳೇ ಮನೆಗಳ ಜಾಗದಲ್ಲಿ ಕುರೂಪದ ಹೊಸ ಕಟ್ಟಡಗಳೆದ್ದಿವೆ. ಊರ ನಡುವಿನ ಹಬ್ಬದ ಮರ ಬಿದ್ದಿದೆ. ಅದನ್ನು ನೋಡಿ ಸ್ಯಾಮ್ ಅಳುತ್ತಾನೆ. 

ಅರಸೀಕೆರೆಯ ಮನೆಯನ್ನು ನಾವು ಹಿಂದಿನ ವರ್ಷ ಮಾರಿದ್ದೆವು. ನೋಡಿಕೊಳ್ಳಲು ಯಾರೂ ಇರಲಿಲ್ಲ. ತಮ್ಮ ಹೈದರಾಬಾದಿನಲ್ಲಿ, ನಾನಿಲ್ಲಿ. ಕಾಗದಕ್ಕೆ ಸಹಿ ಹಾಕಲು ಅಮ್ಮನ ಬೆರಳನ್ನು ಹಿಡಿದು ಜಾಗ ತೋರಿಸಿದ್ದೂ ನಾನೇ. ಹಿತ್ತಿಲಲ್ಲಿ ಮೂರು ತೆಂಗಿನಮರ, ಒಂದು ನುಗ್ಗೆ. ಕೊಂಡವರು ಹಿತ್ತಿಲಿಗೂ ತಳಪಾಯ ಹಾಕಿ ಮರ ತೆಗೆಸಿದರೆಂಬ ಸುದ್ದಿ ಪಕ್ಕದ ಮನೆಯವರ ಫೋನಿನಲ್ಲಿ ಮೊದಲು ತಲುಪಿದ್ದು ಅಮ್ಮನಿಗೇ. ಸಂಜೆ ನಾನು ಆಫೀಸಿನಿಂದ ಬಂದಾಗ ವಿಷಯ ತಿಳಿಸಿ, “ಅವರ ಜಾಗ, ಅವರಿಷ್ಟ” ಎಂದಷ್ಟೇ ಹೇಳಿದ್ದರು. ಮತ್ತೆ ಆ ಮಾತು ಬಂದಿರಲಿಲ್ಲ.

ಈ ಅಧ್ಯಾಯವನ್ನು ಹಾರಿಸಲೇ ಎಂದು ಎರಡು ರಾತ್ರಿ ನೆಪ ಹೇಳಿ ಮುಂದೂಡಿದೆ. ಅಮ್ಮ ಬಿಡಲಿಲ್ಲ. “ಶಾಮಣ್ಣ ಊರು ಮುಟ್ಟಿದ್ನಾ ಇಲ್ವಾ?” ಕೊನೆಗೆ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ. ಅಮ್ಮನ ಹೂಂ ಎಲ್ಲೋ ನಡುವೆ ನಿಂತುಹೋಯಿತು. ಮರ ಬಿದ್ದ ಜಾಗಕ್ಕೆ ಬಂದು ನಾನೂ ನಿಲ್ಲಿಸಿದೆ. ಸುಮಾರು ಹೊತ್ತಾದ ಮೇಲೆ ಕೇಳಿದರು, “ಎಷ್ಟು ಮರ?”

ಲೆಕ್ಕ ಕೊಟ್ಟಿಲ್ಲ, ಬಹಳ ಅಂತ ಬರೆದಿದಾನೆ ಎಂದೆ.

“ನಮ್ದು ಮೂರು. ಬಾವಿ ಕಡೆಯದು ನಿಮ್ಮಪ್ಪ ಇಟ್ಟಿದ್ದು, ನೀನು ಹುಟ್ಟಿದ ವರ್ಷ.”

ಮನೆ ಮಾರಿದ ಮೇಲೆ ಅಮ್ಮ ಅದರ ಬಗ್ಗೆ ಮನಸ್ಸು ಬಿಚ್ಚಿದ್ದು ಅದೇ ಮೊದಲು. ಆ ರಾತ್ರಿ ಸೀಮೆಯ ಕಥೆ ಮುಂದೆ ಹೋಗಲಿಲ್ಲ. ಬಾವಿ, ಹಗ್ಗ, ನುಗ್ಗೆಕಾಯಿಗೆ ಕೈಚಾಚುತ್ತಿದ್ದ ಪಕ್ಕದ ಮನೆಯವರು, ಅಪ್ಪ ಬೇಸಿಗೆಯಲ್ಲಿ ಹಿತ್ತಿಲಲ್ಲಿ ಮಂಚ ಹಾಕಿ ಮಲಗುತ್ತಿದ್ದುದು, ಎಲ್ಲ ಒಂದೊಂದಾಗಿ ಬಂದವು. ಹೂಂಗುಟ್ಟುವ ಪಾಳಿ ನನ್ನದಾಯಿತು. ಮಗಳು ಬಾಗಿಲಿಗೊರಗಿ ಕೇಳುತ್ತಿದ್ದಳು. ಅವಳಿಗೆ ಆ ಮನೆ ಎಂದರೆ ಬೇಸಿಗೆ ರಜೆಯ ನಾಲ್ಕು ದಿನ ಅಷ್ಟೆ. “ಬಾವಿ ಎಲ್ಲಿತ್ತು ಅಜ್ಜಿ, ಎಡಕ್ಕಾ ಬಲಕ್ಕಾ?” ಎಂದು ಕೇಳಿ, ಹಾಳೆಯ ಮೇಲೆ ನಕ್ಷೆ ಬರೆದುಕೊಂಡಳು. ಅವಳ ಹಾಬಿಟ್ ಪುಸ್ತಕದ ಮೊದಲ ಪುಟದಲ್ಲಿ ಬೆಟ್ಟ, ಕಾಡು, ನದಿಗಳ ನಕ್ಷೆಯೊಂದಿದೆ. ಅದರ ಎದುರಿಗೇ ಇದನ್ನೂ ಇಟ್ಟಿದ್ದಾಳೆ.

ಮರುದಿನ ಮುಂದುವರಿಸಿದೆ. ಗಂಧರ್ವರ ರಾಣಿ ಕೊಟ್ಟ ಡಬ್ಬಿಯ ಮಣ್ಣನ್ನು ಸ್ಯಾಮ್ ಸೀಮೆಯ ತುಂಬ ಸಸಿ ನೆಟ್ಟು ಒಂದೊಂದು ಕಾಳಿನಂತೆ ಹಾಕುತ್ತಾನೆ. ಒಂದೇ ವಸಂತದಲ್ಲಿ ಇಪ್ಪತ್ತು ವರ್ಷದ ಬೆಳೆ ಬರುತ್ತದೆ. ಅಮ್ಮ ಕೇಳಿ, “ಅದು ಕಥೆ. ತೆಂಗಿಗೆ ಏಳು ವರ್ಷ ಬೇಕು” ಎಂದರು. ಅವಿಶ್ವಾಸವಲ್ಲ ಅದು, ಲೆಕ್ಕ.

ಕೊನೆಯದನ್ನು ಮಾತ್ರ ಅಮ್ಮ ಒಪ್ಪಲೇ ಇಲ್ಲ. ಫ್ರೋಡೋನ ಹಳೇ ಗಾಯ ವಾಸಿಯಾಗುವುದಿಲ್ಲ. ಊರಿಗೆ ಮರಳಿದರೂ ಅವನಿಗೆ ಊರು ದಕ್ಕುವುದಿಲ್ಲ. ಎರಡು ವರ್ಷ ಕಳೆದು ಬಂದರಿಗೆ ಹೋಗಿ ಹಡಗು ಹತ್ತಿಬಿಡುತ್ತಾನೆ. “ಯಾಕೆ ಹೋಗ್ಬೇಕು? ಶಾಮಣ್ಣನ ಮನೇಲಿ ಒಂದು ಕೋಣೆ ಇರ್ಲಿಲ್ವಾ?” ಎಂದು ಸಿಟ್ಟು ಮಾಡಿಕೊಂಡರು. ನಾಲ್ಕು ದಿನ ಕಥೆ ಬೇಡವೆಂದರು. ನಮ್ಮ ಮನೆಯಲ್ಲಿ ಅಮ್ಮನಿಗೆ ಒಂದು ಕೋಣೆ ಇದೆ. ಅದರ ಕಿಟಕಿಯಿಂದ ವೇತಾಳ ಟೇಕಡಿಯ ಒಂದು ಅಂಚು ಕಾಣುತ್ತದೆ. ಅಂಚು ಆದ್ದರಿಂದ ಅಮ್ಮನಿಗೂ ಕಾಣುತ್ತದೆ.

ಐದನೇ ದಿನ ಅವರೇ, “ಬೇರೆ ಯಾರದ್ದಾದ್ರೂ ಇದ್ರೆ ಹೇಳು, ಹಡಗು ಬೇಡ” ಎಂದರು. ಹಡಗಿಲ್ಲದ್ದು ಹುಡುಕುವುದು ಕಷ್ಟವೇ. ಕೊನೆಗೆ ಅರ್ಸುಲಾ ಲೆಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ತೆಗೆದೆ. ಅದರಲ್ಲಿ ತುಂಬ ದೋಣಿಗಳೇ, ಆದರೆ ಇದು ದ್ವೀಪಗಳ ನಾಡು, ದೋಣಿ ಅಲ್ಲಿ ಎತ್ತಿನಗಾಡಿ ಇದ್ದ ಹಾಗೆ ಎಂದು ಒಪ್ಪಿಸಿದೆ. ಮೇಕೆ ಕಾಯುವ ಹುಡುಗ, ತಾಮ್ರದಂಥ ಕಂದು ಮೈಬಣ್ಣ. “ನಮ್ಮ ಕಡೆಯವನೇ” ಎಂದು ಅಮ್ಮ ಮೊದಲ ದಿನವೇ ಅವನನ್ನು ಸೇರಿಸಿಕೊಂಡರು. ಆ ಲೋಕದಲ್ಲಿ ಎಲ್ಲರಿಗೂ ಎರಡು ಹೆಸರು. ಕರೆಯಲು ಒಂದು, ‘ಗಿಡುಗ’ ಎಂಬಂಥದ್ದು. ನಿಜವಾದ ಹೆಸರು ಇನ್ನೊಂದು. ಅದನ್ನು ಪ್ರಾಣದಷ್ಟು ನಂಬಿದವರಿಗೆ ಮಾತ್ರ ಹೇಳುವುದು. ನಿಜದ ಹೆಸರು ಗೊತ್ತಾದವನಿಗೆ ನಿಮ್ಮ ಮೇಲೆ ಹಿಡಿತ ಸಿಗುತ್ತದೆ.

ಇದನ್ನು ಹೇಗೆ ಅರ್ಥ ಮಾಡಿಸಲಿ ಎಂದು ನಾನು ಪೀಠಿಕೆ ಹಾಕುತ್ತಿದ್ದರೆ ಅಮ್ಮ ನಗತೊಡಗಿದರು. “ಇದರಾಗೇನೈತೆ? ಅದಕ್ಕೇ ಅಲ್ವೇ ಒಡಪು ಇರೋದು!”

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ, ಪ್ರಾಸದೊಳಗೆ ಬಚ್ಚಿಟ್ಟು ಹೇಳುವ ಒಡಪು. ಹೊಸ ಸೊಸೆ ಹೊಸ್ತಿಲು ದಾಟುವಾಗ ಅಡ್ಡಗಟ್ಟಿ ಹೇಳಿಸುತ್ತಿದ್ದರು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಅಮ್ಮ ಈಗಲೂ ನನ್ನ ಕಡೆ ತಿರುಗುತ್ತಾರೆ. ಮರುದಿನ ಪಕ್ಕದ ಫ್ಲ್ಯಾಟಿನ ಆಜಿಗೆ ನಾನು ಈ ವಿಷಯ ಹೇಳಿದೆ. ಆಕೆ ಕೈತಟ್ಟಿ, ನಮ್ಮಲ್ಲಿ ಇದಕ್ಕೆ ‘ಉಖಾಣೆ’ ಅನ್ನುತ್ತೇವೆ ಎಂದು ಆಗಲೇ ಒಂದನ್ನು ಹೇಳಿಬಿಟ್ಟರು. ಅಮ್ಮನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಆದರೆ ಪ್ರಾಸ ಎಲ್ಲಿ ಕೂರುತ್ತದೆ, ಹೆಸರು ಎಲ್ಲಿ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಈಗ ಬುಧವಾರ ಮಧ್ಯಾಹ್ನ ಆಜಿ ಬರುತ್ತಾರೆ. ಒಂದು ಇತ್ತಿಂದ, ಒಂದು ಅತ್ತಿಂದ. ನಡುವೆ ಚಹಾ.

ನಮ್ಮ ಹುಡುಗ ಗೆಡ್ ಈಗ ತಾನೇ ಹಮ್ಮಿನಿಂದ ಎಬ್ಬಿಸಿದ ನೆರಳೊಂದಕ್ಕೆ ಹೆದರಿ ದ್ವೀಪದಿಂದ ದ್ವೀಪಕ್ಕೆ ಓಡುತ್ತಿದ್ದಾನೆ. ಆ ನೆರಳಿನ ಹೆಸರೇನೆಂದು ಅಮ್ಮನಿಗೆ ಆಗಲೇ ಗುಮಾನಿ ಬಂದಿದೆ, ಹೇಳುತ್ತಿಲ್ಲ. ನಿನ್ನೆ ಅಧ್ಯಾಯ ಮುಗಿಯುವ ಮೊದಲೇ ನಾನು ಪುಸ್ತಕ ಮುಚ್ಚಿದ್ದಕ್ಕೆ, “ಇದು ನನ್ನ ಹತ್ರ ಕಲಿತಿದ್ದು” ಎಂದು ಬೈದು ಮಲಗಿದರು.